ಗಾಡಿ ಬರಲ್ಲ ಅಂದ ಪೇಪರ್ ತುಣುಕು

ನೀಲಗಿರಿಯ ಪಂದಲೂರು ಕಡೆಯ ನಮ್ಮ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಸುಳ್ಳು ಹೇಳುವವನು ಇನ್ನೂ ಹುಟ್ಟಿಲ್ಲ. ಇದು ಜಂಬವಲ್ಲ, ಊರೇ ಒಪ್ಪಿಕೊಂಡ ಮಾತು. ಟೀ ಫ್ಯಾಕ್ಟರಿಯವರು ಇನ್ನು ಮುಂದೆ ತಲೆ ಬಾಚಿಕೊಂಡು ಬಂದವರ ಟೀ ಸೊಪ್ಪನ್ನು ಮಾತ್ರ ತೂಗುತ್ತಾರೆ ಎಂದು ಒಮ್ಮೆ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಮಾರನೆಯ ದಿನ ಸೊಪ್ಪು ತೂಗುವ ಶೆಡ್ಡಿನ ಮುಂದೆ ನಿಂತವರ ಹಣೆಯ ಮೇಲೆಲ್ಲ ತೆಂಗಿನೆಣ್ಣೆ ಇಳಿಯುತ್ತಿತ್ತು. ನನ್ನ ಹೆಂಡತಿ ಮಾತ್ರ ಕೆದರಿದ ತಲೆಯಲ್ಲೇ ಬಂದಿದ್ದಳು. ಇಷ್ಟು ವರ್ಷ ನನ್ನ ಜೊತೆ ಬಾಳಿದವಳನ್ನು ಏಮಾರಿಸುವುದು ಸುಲಭವಲ್ಲ.

ಹೋದ ಬೇಸಿಗೆಯಲ್ಲಿ, ಮೊದಲ ಮಳೆ ಬಿದ್ದು ಟೀ ಗಿಡಗಳೆಲ್ಲ ಚಿಗುರಿದ ವಾರ, ಪಕ್ಕದ ತೋಟದವಳು ಬೆಳಗ್ಗೆಯೇ ಫೋನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಗಂಡ ತೀರಿಕೊಂಡ ಮೇಲೆ ಅರ್ಧ ಎಕರೆ ಟೀಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಾಳೆ. ಫೋನಿನಲ್ಲಿ ತಮಿಳು ಪತ್ರಿಕೆಯ ಒಂದು ತುಣುಕಿನ ಫೋಟೊ ಇತ್ತು. ನಾಳೆ, ನಾಡಿದ್ದು ಎಂದಲ್ಲ, ಇವತ್ತಿನಿಂದಲೇ ನಾಲ್ಕು ದಿನ ಫ್ಯಾಕ್ಟರಿಗಳು ಸೊಪ್ಪು ತೆಗೆದುಕೊಳ್ಳುವುದಿಲ್ಲ ಎಂದು ಬರೆದಿತ್ತು.

“ಅಣ್ಣ, ಇದು ನಿಜಾನಾ ನೋಡಿ ಹೇಳಿ.”

“ನನ್ನನ್ನ ಕೇಳ್ತೀಯಲ್ಲಮ್ಮ, ಊರಲ್ಲಿ ಬೇರೆ ಯಾರೂ ಸಿಗ್ಲಿಲ್ವಾ?”

“ಸುಳ್ಳು ಕಂಡ್ರೆ ನಿಮಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತೆ?”

ಇಂಥ ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ. ಆದರೆ ಅವಳ ಮುಖದಲ್ಲಿ ನಗುವಿರಲಿಲ್ಲ. ಹಿಂದಿನ ಸಲ ಜ್ವರ ಬಂದು ಮಲಗಿದ್ದಾಗ ಸೊಪ್ಪು ಬಲಿತು ಹೋಗಿ, ಫ್ಯಾಕ್ಟರಿಯವರು ಅಷ್ಟನ್ನೂ ವಾಪಸ್ ಕಳಿಸಿದ್ದರು. ಈಗ ಕೊಯ್ಯದೆ ಬಿಟ್ಟರೆ ನಾಲ್ಕು ದಿನದಲ್ಲಿ ಮತ್ತೆ ಅದೇ ಗತಿ. ಕೊಯ್ದ ಮೇಲೆ ಸೊಪ್ಪು ಒಯ್ಯುವ ಫ್ಯಾಕ್ಟರಿ ಗಾಡಿ ಬರದಿದ್ದರೆ ಸೊಪ್ಪು ಚೀಲದಲ್ಲೇ ಬಿಸಿಯೇರಿ, ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ.

ಕನ್ನಡಕ ಏರಿಸಿದೆ. ಪತ್ರಿಕೆಯ ಹೆಸರೂ ಇಲ್ಲ, ತಾರೀಖೂ ಇಲ್ಲ, ಕತ್ತರಿಸಿದವನು ಜಾಣ. ಆದರೆ ಕೆಳಗಿನ ಜಾಹೀರಾತು ಅರ್ಧ ಉಳಿದಿತ್ತು: ದೀಪಾವಳಿ ಪಟಾಕಿ.

“ಬೇಸಿಗೇಲಿ ಯಾವನಮ್ಮ ದೀಪಾವಳಿ ಪಟಾಕಿ ಮಾರೋನು? ಇದು ಹಳೇ ಪೇಪರು. ಹೋಗು, ಧೈರ್ಯವಾಗಿ ಕೊಯ್ಯಿ!”

ಕಾಲ ಮೇಲೆ ಕಾಲು ಹಾಕಿ ಕುಳಿತೆ. ಅವಳು ಹೊರಟೇಬಿಟ್ಟಳು. ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: “ನಿಲ್ಲು ತಂಗೀ. ರೀ, ಪೇಪರ್ ಹಳೇದು ಅಂದ್ರೆ ಗಾಡಿ ಬಂದೇ ಬರುತ್ತೆ ಅಂತ ಯಾರು ಹೇಳಿದ್ದು?”

“ಸುಳ್ಳು ಅಂತ ಸಾಬೀತಾಯ್ತಲ್ಲೇ!”

“ಆ ಪೇಪರ್ ಇವತ್ತಿನದ್ದಲ್ಲ ಅಂತ ಗೊತ್ತಾಯ್ತು, ಅಷ್ಟೇ. ಇವತ್ತೇನು ಕತೆ ಅಂತ ಗಾಡಿಯೋನ್ನ ಕೇಳ್ಬೇಡ್ವಾ?”

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಹೆಂಡತಿಯೇ ಸೊಪ್ಪಿನ ಗಾಡಿಯ ಡ್ರೈವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಅವನದು ಮಲಯಾಳ ಬೆರೆತ ಕನ್ನಡ, ಅಕ್ಕ ಅನ್ನಲು ‘ಚೇಚಿ’ ಅನ್ನುತ್ತಾನೆ.

“ಬರ್ತೀನಿ ಚೇಚಿ, ಯಾರು ಬರಲ್ಲ ಅಂದಿದ್ದು? ಆದ್ರೆ ದಿನದ ಹಾಗೆ ಸಾಯಂಕಾಲ ಅಲ್ಲ. ಫ್ಯಾಕ್ಟರೀಲಿ ಮಧ್ಯಾಹ್ನದ ಮೇಲೆ ರಿಪೇರಿ. ಹನ್ನೆರಡಕ್ಕೆ ಒಂದೇ ಟ್ರಿಪ್ಪು. ಕಾಯೋದಿಲ್ಲ, ಆಮೇಲೆ ಬೈಬೇಡಿ.”

ಆಗ ಗಂಟೆ ಎಂಟೂವರೆ. ನನ್ನ ಮಾತು ನಂಬಿ ಅವಳು ಸಾಯಂಕಾಲದವರೆಗೆ ನಿಧಾನವಾಗಿ ಕೊಯ್ದಿದ್ದರೆ, ತುಂಬಿದ ಚೀಲಗಳ ಪಕ್ಕ ಕುಳಿತು ಖಾಲಿ ರಸ್ತೆ ನೋಡಬೇಕಿತ್ತು. ನನ್ನ ಯಾವ ಸುಳ್ಳಿನಿಂದಲೂ ಯಾರಿಗೂ ಕೆಟ್ಟದ್ದಾಗಿರಲಿಲ್ಲ. ನಿಜವೆಂದು ನಂಬಿ ಎದೆ ತಟ್ಟಿ ಹೇಳಿದ ಮಾತೇ ಅವಳ ಅನ್ನಕ್ಕೆ ಕಲ್ಲು ಹಾಕುವುದರಲ್ಲಿತ್ತು.

ಮೂವರೂ ಅವಳ ತೋಟಕ್ಕೆ ಇಳಿದೆವು. ಸೊಪ್ಪು ಬೀಳಲು ಡಬ್ಬಿ ಕಟ್ಟಿದ ದೊಡ್ಡ ಕತ್ತರಿ ನನ್ನ ಕೈಗೆ ಬಂತು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಸೊಂಟ ಹಿಡಿಯಿತು.

“ಏನ್ರೀ, ಕತ್ತರಿ ನಿಂತ್ಹೋಯ್ತು?” ಎಂದಳು ಹೆಂಡತಿ.

“ಸೊಪ್ಪು ಎಳೇದಾ ಬಲಿತದ್ದಾ ಅಂತ ಪರೀಕ್ಷೆ ಮಾಡ್ತಿದೀನಿ ಕಣೇ.”

“ಎಲೆ ಮೇಲೂ ತಾರೀಖು ಹುಡುಕ್ತಿದ್ದೀರಾ ಅಣ್ಣ?” ಎಂದಳು ಪಕ್ಕದವಳು. ಬೆಳಗಿನಿಂದ ಅವಳು ನಕ್ಕದ್ದು ಆಗಲೇ.

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಕೊನೆಯ ಚೀಲದ ಬಾಯಿ ಕಟ್ಟಲೂ ಪುರುಸೊತ್ತಿಲ್ಲದೆ, ಹಾಗೇ ಅವುಚಿಕೊಂಡು ಓಡಿದೆವು. ಡ್ರೈವರ್ ಚೀಲದೊಳಗೆ ಕೈ ಹಾಕಿ ಸೊಪ್ಪನ್ನು ತಿರುವಿ ನೋಡಿ, “ನಲ್ಲ ಎಳೇ ಸೊಪ್ಪು, ಒಳ್ಳೇದು” ಎಂದು ತಕ್ಕಡಿಗೆ ಸಿಕ್ಕಿಸಿದ.

ಗಾಡಿ ಹೊರಟ ಮೇಲೆ ಅವಳು ಸೆರಗಿನಿಂದ ಬೆವರು ಒರೆಸಿಕೊಂಡು, ನನ್ನ ಹೆಂಡತಿಯ ಕೈ ಹಿಡಿದುಕೊಂಡು ನಿಂತಳು. ನನ್ನ ಕೈಯನ್ನು ಯಾರೂ ಹಿಡಿಯಲಿಲ್ಲ. ಒಳ್ಳೆಯದೇ ಆಯಿತು, ಅಂಗೈ ತುಂಬ ಬೊಬ್ಬೆ ಎದ್ದಿತ್ತು.