ಕುರಿ ಮೂಸಿ ಒಪ್ಪಿದ ಎಣ್ಣೆ

ಚಳ್ಳಕೆರೆಯ ಎಣ್ಣೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಹನ್ನೊಂದು ವರ್ಷ ದುಡಿದ ಮಾರುತೇಶ ಈ ಸಂಕ್ರಾಂತಿಯ ಹಿಂದಿನ ವಾರ ತೀರಿಕೊಂಡ. ಎದೆನೋವು ಎಂದವನು ಆಸ್ಪತ್ರೆ ಮುಟ್ಟಲಿಲ್ಲ. ವಯಸ್ಸು ನಲವತ್ತಾರು. ಸಂಜೆ ಮಂಡಕ್ಕಿ ಅಂಗಡಿಯಲ್ಲಿ ಗೆಳೆಯರು ಈಗಲೂ ಮರೆತು ಅವನ ಪಾಲಿನ ಮಿರ್ಚಿಯನ್ನೂ ಹೇಳಿಬಿಡುತ್ತಾರೆ. ಅವನು ಎಂಥವನೆಂದು ಕೇಳಿದವರಿಗೆ ಒಂದು ಕುರಿಮರಿಯ ಕಥೆ ಹೇಳಿದರೆ ಸಾಕು.

ಶೇಂಗಾ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಹೆಕ್ಸೇನ್ ಎಂಬ ದ್ರಾವಕದಿಂದ ಸೆಳೆಯುವುದು ಅವನ ಕಾರ್ಖಾನೆಯ ಕೆಲಸ. ಪೆಟ್ರೋಲಿನ ಜಾತಿಯ ದ್ರವ ಅದು. ಹಿಂಡಿಯಿಂದ ಎಣ್ಣೆ ಸೆಳೆಯುವ ದ್ರಾವಕ ಸೀತಾಫಲದ ಎಲೆಯಿಂದ ಮದ್ದನ್ನೂ ಸೆಳೆದೀತು ಎಂದು ಅವನಿಗೆ ಹೊಳೆಯಿತು. ಆ ಎಲೆ ಅರೆದು ಹಚ್ಚಿದರೆ ಗಾಯದ ಹುಳ ಸಾಯುತ್ತವೆಂದು ಕುರಿ ಕಾಯುವವರಿಗೆಲ್ಲ ಗೊತ್ತು. ಎಲೆ ಉದುರಿದ ಬೇಸಿಗೆಗೂ ಒದಗುವ ಮುಲಾಮು ಮಾಡುವುದು ಅವನ ಆಸೆ.

ಹೆಕ್ಸೇನಿನಿಂದ ಎಲೆಯ ಸಾರ ಸೆಳೆದು ಮಾಡಿದ ಮೊದಲ ಡಬ್ಬಿ ಹತ್ತಿರದ ನನ್ನಿವಾಳದಲ್ಲಿ ಕುರಿ ಸಾಕುವ ಕೆಂಚಕ್ಕನಿಗೆ ಹೋಯಿತು. ಅವಳ ಎಂಟು ದಿನದ ಮರಿಯೊಂದಕ್ಕೆ ಬಾಲದ ಬುಡದಲ್ಲಿ ಮುಳ್ಳು ಚುಚ್ಚಿ ಹುಳ ಬಿದ್ದಿತ್ತು. ಮರುದಿನವೇ ಫೋನ್ ಬಂತು. ಮಾರುತೇಶ ಬೈಕ್ ಹತ್ತಿ ಹೋದ.

“ಹುಳ ಸತ್ವಪ್ಪ,” ಎಂದಳು ಕೆಂಚಕ್ಕ. “ಇನ್ನ ಮರೀನೂ ಸಾಯ್ತೈತೆ. ತಾಯಿ ಬಾಲ ಮೂಸಿ ಮೂಸಿ ಗುದ್ದಿ ತಳ್ತೈತೆ. ಇದೇನು ಔಸ್ದಿನೋ ಸೀಮೆಣ್ಣೆನೋ?”

“ದ್ರಾವಕ ಎಲ್ಲಾ ಆರೋಗೈತೆ ಕಣಕ್ಕ. ನಂಗೇನೂ ವಾಸ್ನೆ ಬರ್ತಿಲ್ಲ.”

“ಮರಿಗೆ ಹಾಲು ಕುಡ್ಸೋನು ನೀನಾ?”

ವರ್ಷಗಟ್ಟಲೆ ಲ್ಯಾಬಿನಲ್ಲಿದ್ದು ತನ್ನ ಮೂಗು ಆ ವಾಸನೆಗೆ ಸತ್ತೇಹೋಗಿದೆ ಎಂಬುದು ಅವನಿಗೆ ಆಗ ತಿಳಿಯಿತು. ತಾಯಿಕುರಿ ತನ್ನ ಮರಿಯನ್ನು ಗುರುತಿಸುವುದು ಬಾಲ ಮೂಸಿಯೇ. ಮರಿ ಹೊಟ್ಟೆ ಬೆನ್ನಿಗಂಟಿಕೊಂಡು ಮೂಲೆಯಲ್ಲಿ ನಿಂತಿತ್ತು. ಅವನು ಎರಡು ದಿನ ರಜೆ ಹಾಕಿದ. ಗಾಯ ತೊಳೆದು, ತಾಯಿಯ ಹಾಲನ್ನೇ ಮರಿಯ ಬಾಲಕ್ಕೆ ಸವರಿ, ಕುರಿಯ ಕತ್ತು ತಬ್ಬಿ ಹಿಡಿದು ಕೂತ. ಗುದ್ದೂ ತಿಂದ. ಮೂರನೆಯ ಬೆಳಗ್ಗೆ ಕೈಬಿಟ್ಟರೂ ಕುರಿ ಕದಲಲಿಲ್ಲ. ಮರಿ ಬಾಲ ಅಲ್ಲಾಡಿಸುತ್ತ ಕುಡಿಯಿತು.

“ಆ ಎಲೇನ ಶೇಂಗಾ ಎಣ್ಣೆಯಾಗೆ ನೆನೆಹಾಕಿ ನೋಡಪ್ಪ,” ಎಂದಳು ಕೆಂಚಕ್ಕ. “ಊರಿಗೆಲ್ಲಾ ಎಣ್ಣೆ ಮಾರೋರು ನೀವು, ಸೀಮೆಣ್ಣೆ ಹುಡಿಕ್ಯಂಡು ಹೋಗೀರಲ್ಲ.”

ಅವನು ಅದನ್ನೇ ಹಿಡಿದ. ಗಾಣದ ಎಣ್ಣೆಗೆ ಎಲೆ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಸೀಸೆ ಇಟ್ಟು ಕಾಯಿಸುವುದು. ಮೊದಲ ಸಲ ಹಸಿ ಎಲೆ ಹಾಕಿದ್ದರಿಂದ ಬೂಷ್ಟು ಹಿಡಿಯಿತು. ಆಮೇಲೆ ನೆರಳಲ್ಲಿ ಒಣಗಿಸಿ ಹಾಕಿದ. ಆರನೆಯ ಸಲಕ್ಕೆ ಎಣ್ಣೆ ಹಸಿರಾಗಿ ತಿಳಿಯಾಗಿ ನಿಂತಿತು, ಹುಳವೂ ಸತ್ತವು. ಆದರೂ ಅವನ ನೋಟ್‌ಬುಕ್ಕಿನಲ್ಲಿ ಪ್ರತಿ ಸಲದ ಕೊನೆಗೂ ಒಂದು ಪ್ರಶ್ನೆ ಇರುತ್ತಿತ್ತು: ಕುರಿ ಒಪ್ಪಿತೆ?

ಅವನು ಹೋದ ಮೇಲೆ ಹೆಂಡತಿ ಶಿಲ್ಪ ಆ ನೋಟ್‌ಬುಕ್ ನೋಡಿಕೊಂಡು ಮೊದಲ ಬಾರಿಗೆ ತಾನೇ ಎಣ್ಣೆ ಮಾಡಿದಳು. ಕಳೆದ ವಾರ ಕೆಂಚಕ್ಕ ಅದನ್ನು ಹೊಸ ಮರಿಯೊಂದರ ಗಾಯಕ್ಕೆ ಹಚ್ಚಿ ತಾಯಿಯ ಮುಂದೆ ಬಿಟ್ಟಳು. ಕುರಿ ಬಾಲ ಮೂಸಿತು. ಇನ್ನೊಮ್ಮೆ ಮೂಸಿತು. ಶಿಲ್ಪ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ನಿನ್ ಗಂಡನಂಗೆ ಕತ್ತು ಹಿಡ್ಕಳಾಕೆ ಬಂದೀಯೇನವ್ವ?” ಎಂದಳು ಕೆಂಚಕ್ಕ. “ಬ್ಯಾಡ, ಕೂತ್ಕ.”

ಮರಿ ಆಗಲೇ ಕೆಚ್ಚಲಿಗೆ ಬಾಯಿ ಹಾಕಿತ್ತು.