ಗೆದ್ದ ಮೇಲೆ ಗೆರೆ ಮುಟ್ಟಿ ಬರುವುದು

ದೂಳು ಅಡಗಲೆಂದು ಟ್ಯಾಂಕರಿನವನು ರಸ್ತೆಗೆ ನೀರು ಬಿಟ್ಟುಕೊಂಡು ಹೋದಾಗ ಕೆಮ್ಮಣ್ಣು ಒಂದು ವಾಸನೆ ಬಿಡುತ್ತದೆ, ತುಸು ಕಬ್ಬಿಣದ್ದು, ತುಸು ಮಳೆಯದ್ದು. ಅದು ಎಲ್ಲಿ ಮೂಗಿಗೆ ಬಡಿದರೂ ನಾನು ಗಾದಿಗನೂರಿನ ನಮ್ಮ ಮನೆಯಂಗಳದಲ್ಲಿ ನಿಂತಿರುತ್ತೇನೆ. ರಸ್ತೆ ಅಗಲವಾದಾಗ ಅಂಗಳವೂ ಹೋಯಿತು, ಮನೆಯೂ ಹೋಯಿತು. ನಿಮ್ಮದೂ ಹಾಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ, ದುಃಖವೇನೂ ಬರುವುದಿಲ್ಲ, ಒಳಗೆ ಮರಗಟ್ಟುತ್ತದೆ ಅಷ್ಟೆ. ಆ ಮನೆಯಿದ್ದ ಕಾಲದಲ್ಲಿ ಸಂಡೂರಿನ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಸಾಗಿ, ಒಣಹಾಕಿದ ಬಟ್ಟೆಯಿಂದ ಹಿಡಿದು ಅವ್ವನ ಮೊಸರಿನವರೆಗೆ ಎಲ್ಲವೂ ಕೆಂಪು. ಸಂಜೆಯಾದರೆ ತಾತ ಅಂಗಳಕ್ಕೆ ನೀರು ಚಿಮುಕಿಸಿ, ಹಿಮ್ಮಡಿಯಿಂದ ಗೆರೆ ಎಳೆದು, ನನಗೂ ಅಕ್ಕ ನೀಲಳಿಗೂ ಕಬಡ್ಡಿ ಕಲಿಸುತ್ತಿದ್ದ. ಕಲಿಸುವುದೆಂದರೆ ಬೈಯುವುದು. "ಕಾಲು ನೋಡಲೇ ಎಮ್ಮಿ, ಮಾರಿ ಏನ್ ನೋಡ್ತಿ!" ಅವನ ಪ್ರೀತಿಯೆಲ್ಲ ಬೈಗುಳದಲ್ಲೇ ಇತ್ತು. ಅಕ್ಕನಿಗೆ ಬೈದಷ್ಟು ನನಗೆ ಬೈಯುವುದಿಲ್ಲವೆಂದು ನನಗೆ ಹೊಟ್ಟೆಕಿಚ್ಚು.

ಅವನದೊಂದು ಕಟ್ಟಳೆಯಿತ್ತು. "ಆಟ ಕೈಗೆ ಬಂತಂದ್ರ ಬರೀ ಗೆರಿ ಮುಟ್ಟಿ ಬರಬೇಕು, ಮಂದೀನ ಮುಟ್ಟಬಾರ್ದು." ಎದುರಿನವರ ಅಂಗಳದ ಗೆರೆ ಮುಟ್ಟಿ, ಯಾರನ್ನೂ ಔಟ್ ಮಾಡದೆ ವಾಪಸು ಬರುವುದು, ಸೋತವರು ತಲೆಯೆತ್ತಿಕೊಂಡು ಬಸ್ಸು ಹತ್ತಲಿ ಎಂದು. ನಮ್ಮೂರಿನ ಹಳೇ ಆಟಗಾರರೆಲ್ಲ ಹಾಗೇ ಆಡಿದವರು. ಅಕ್ಕ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಕಂಪ್ಲಿ ಕಡೆಯ ಹುಡುಗಿಯರು ನಮ್ಮೂರಿಗೆ ಆಡಲು ಬಂದರು. ಭತ್ತದ ಗದ್ದೆಯಲ್ಲಿ ದುಡಿಯುವ ಬಡಕಲು ಹುಡುಗಿಯರು, ಬರಿಗಾಲು. ನಮ್ಮವರಿಗೆ ಲಾರಿ ಮಾಲೀಕನೊಬ್ಬ ಹೊಸ ಜರ್ಸಿ ಕೊಡಿಸಿ, ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅರ್ಧ ಆಟಕ್ಕೇ ನಾವು ಗೆದ್ದ ಹಾಗಿತ್ತು. ಅಕ್ಕ ಒಂದೆರಡು ಸಲ ಬರೀ ಗೆರೆ ಮುಟ್ಟಿ ಬಂದಳು. ಮಾಲೀಕ ಎದ್ದು ನಿಂತು, "ಯಾಕವ್ವಾ, ಹೆದರಿದೇನು? ಎಲ್ಲಾರ್ನೂ ಹೊರಗ ಹಾಕು!" ಎಂದು ಕೂಗಿದ. ಅವನ ಹುಡುಗರು ಸಿಳ್ಳೆ ಹೊಡೆದರು. ಆಮೇಲೆ ಅಕ್ಕ ಗೆರೆಯ ಕಡೆ ನೋಡಲೇ ಇಲ್ಲ. ಎಲ್ಲರೂ ಔಟಾದರೆ ಅಷ್ಟೂ ಜನ ಮತ್ತೆ ಒಳಗೆ ಬರುವ ಆಟ ಅದು. ಬಂದರು, ಮತ್ತೆ ಔಟ್ ಮಾಡಿದಳು. ಕೊನೆಗೆ ಒಬ್ಬಳೇ ಉಳಿದ ಹುಡುಗಿ ಓಡಲಿಲ್ಲ, ಕೈಕಟ್ಟಿ ನಿಂತುಬಿಟ್ಟಳು. ಅಕ್ಕ ಅವಳನ್ನೂ ಮುಟ್ಟಿದಳು. ಜನ ಕೇಕೆ ಹಾಕಿದರು. ತಾತ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದ.

ಮನೆಯಲ್ಲಿ ಅಕ್ಕ ಬೈಗುಳಕ್ಕೆ ಕಾದಳು. "ಉಂಡೇನವ್ವಾ?" ಎಂದನಷ್ಟೆ ತಾತ. ಮರುದಿನವೂ ಗೆರೆ ಎಳೆದ, ನನ್ನನ್ನು ಎಮ್ಮಿ ಎಂದ, ಅವಳಿಗೆ ಏನೂ ಅನ್ನಲಿಲ್ಲ. ಅಕ್ಕ ಬೇಕೆಂದೇ ತಪ್ಪು ಹೆಜ್ಜೆ ಇಟ್ಟಳು, ನೋಡಿದ, ನನ್ನ ಕಡೆ ತಿರುಗಿದ. ಆ ವರ್ಷವೇ ಅವನು ಹಾಸಿಗೆ ಹಿಡಿದ. ಅಕ್ಕ ಕಾಲ ಬಳಿ ಕೂತು, "ಒಂದ್ಸಲ ಬೈದುಬಿಡು ತಾತಾ" ಎಂದಳು. ಅವನು ಅವಳ ತಲೆ ಸವರಿದ. "ಗೆದ್ದೋರಿಗೆ ಯಾರ್ ಬೈತಾರವ್ವಾ?" ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಅವನು ಹೋದ ದಿನ ನನಗೆ ಅಳು ಬರಲಿಲ್ಲ, ಅಕ್ಕನಿಗೂ ಬರಲಿಲ್ಲ. ಆದರೆ ನನಗೆ ನೆನೆಸಿಕೊಳ್ಳಲು ಅವನ ಕೊನೆಯ ಬೈಗುಳವಾದರೂ ಇದೆ. ಅಕ್ಕನಿಗೆ ಅವನು ಬಿಟ್ಟುಹೋದದ್ದು ಬರೀ ಮರ್ಯಾದೆ.