ಕಂಬಿಯಾದ ಉಯ್ಯಾಲೆ ಸರಪಳಿ

ಮದುವೆಯಾಗಿ ಎರಡು ವರ್ಷವಾದರೂ ನನ್ನ ಮಾವನವರು ಒಂದು ಸಲವೂ ನನ್ನನ್ನು ಅಳಿಯ ಎಂದಿರಲಿಲ್ಲ. ಬಸವನಗುಡಿಯ ಮನೆಗೆ ಯಾರಾದರೂ ಬಂದರೆ, “ಇವ್ರು ಬಕೆಟ್ ಕಾರ್ಖಾನೇಲಿದಾರೆ” ಎಂದು ಮುಗಿಸುತ್ತಿದ್ದರು. ನಿವೃತ್ತ ಮೇಷ್ಟರು, ಮಗಳನ್ನು ಬಕೆಟ್ಟಿಗೆ ಕೊಟ್ಟೆನಲ್ಲ ಎಂಬ ಸಂಕಟ. ನನಗೂ ಮೈ ಉರಿಯುತ್ತಿತ್ತು.

ನಾನು ಚಾಮರಾಜಪೇಟೆಯ ಶೆಡ್ಡೊಂದರಲ್ಲಿ ಲೆಕ್ಕ ಬರೆಯುತ್ತಿದ್ದು, ಆಗಷ್ಟೇ ಮೇಲ್ವಿಚಾರಕನಾದವನು. ಬಕೆಟ್ಟು ಮುಂತಾದ ಕಬ್ಬಿಣದ ಸಾಮಾನನ್ನು ತುಕ್ಕು ಹಿಡಿಯದಂತೆ ಸರಪಳಿಯಲ್ಲಿ ಎತ್ತಿ, ಕರಗಿದ ಸತುವಿನ ತೊಟ್ಟಿಯಲ್ಲಿ ಅದ್ದಿ ತೆಗೆಯುವುದು ಅಲ್ಲಿನ ಕೆಲಸ. ಮೇಲೆ ಬಂದ ಕೂಡಲೇ ಮೇಸ್ತ್ರಿ ಆ ಸರಪಳಿಯನ್ನು ಗಡಗಡ ಒದರಿ, ಮರದ ಕೊಡತಿಯಿಂದ ಬಡಿಯುತ್ತಿದ್ದ. ಮನೆಯ ಸಿಟ್ಟನ್ನು ಸರಪಳಿಯ ಮೇಲೆ ತೀರಿಸಿಕೊಳ್ಳುತ್ತಾನೆ ಪಾಪ, ಎಂದುಕೊಂಡಿದ್ದೆ. ಕೇಳಲಿಲ್ಲ. ಮೇಲ್ವಿಚಾರಕ ಕೇಳುವುದುಂಟೇ?

ಗೌರಿ ಹಬ್ಬ ಹತ್ತಿರ ಬಂತು. ಮಾವನವರ ಉಯ್ಯಾಲೆ ಸರಪಳಿಯ ತುಕ್ಕು ಅವರ ಪಂಚೆಗೆಲ್ಲ ಹತ್ತುತ್ತಿತ್ತು. “ಕೊಡಿ, ಬೆಳ್ಳಿ ಥರ ಮಾಡ್ಕೊಂಡು ಬರ್ತೀನಿ” ಎಂದು ನಾಲ್ಕನ್ನೂ ಬಿಚ್ಚಿಕೊಂಡು ಹೋದೆ. ಮೇಸ್ತ್ರಿ ಊಟಕ್ಕೆ ಹೋದ ಹೊತ್ತಿನಲ್ಲಿ ಆಮ್ಲದಲ್ಲಿ ತೊಳೆಸಿ, ಒಣಗಿಸಿ, ಸತುವಿನಲ್ಲಿ ಅದ್ದಿಸಿದೆ. ಹೊಳಪು ಕೆಡಬಾರದೆಂದು ಯಾರಿಗೂ ಮುಟ್ಟಗೊಡದೆ ನೆಲದ ಮೇಲೆ ಮಲಗಿಸಿದೆ. ಆರಿದ ಮೇಲೆ ಎತ್ತಿದರೆ ಬಗ್ಗಲೊಲ್ಲವು! ಕೊಂಡಿಗೆ ಕೊಂಡಿ ಬೆಸೆದು ನಾಲ್ಕು ಕಂಬಿಗಳಾಗಿದ್ದವು, ಅದೂ ಒಂದೊಂದು ಒಂದೊಂದು ಉದ್ದ.

ಮಾನ ಬಿಟ್ಟು ಮೇಸ್ತ್ರಿಯನ್ನು ಕೇಳುವ ಬದಲು ಅವನ್ನೇ ಹೆಗಲ ಮೇಲೆ ಹೊತ್ತು ತಂದು ಸಿಕ್ಕಿಸಿದೆ. ಮಣೆ ವಾಲಿಕೊಂಡು ನಿಂತಿತು. ಮಾವನವರು ಕಾಫಿ ಲೋಟ ಹಿಡಿದು ಕೂತವರು ಹಾಗೇ ಜಾರಿ, ಅತ್ತೆಯವರು ಆರಿಸುತ್ತಿದ್ದ ಅಕ್ಕಿಯ ಮೊರದೊಳಗೆ ಹೋಗಿ ಕೂತರು. ಕಾಫಿ ಮಾತ್ರ ಚೆಲ್ಲಲಿಲ್ಲ.

ಮರುದಿನ ಅವರೇ ನನ್ನೊಂದಿಗೆ ಶೆಡ್ಡಿಗೆ ಬಂದರು. ಮೇಸ್ತ್ರಿ ಕಂಬಿಗಳನ್ನು ಮತ್ತೆ ಅದ್ದಿ ತೆಗೆದು, ಬಿಸಿಯಿರುವಾಗಲೇ ಒದರಿ ಬಡಿದ. ಕೊಂಡಿಗಳು ಬಿಟ್ಟುಕೊಂಡವು.

“ಯಾಕಪ್ಪಾ ಬಡೀತೀಯ?” ಎಂದು ಮಾವನವರು ಕೇಳಿದರು.

“ಬಡೀದಿದ್ರೆ ಸತು ಆರಿ ಕೊಂಡಿಗೆ ಕೊಂಡಿ ಅಂಟ್ಕೊಂಬಿಡ್ತದೆ ಸಾಮಿ. ಸಾಮಾನು ಎತ್ತೋ ನಮ್ಮ ಸರಪಳೀನೂ ಅಷ್ಟೇ. ಇಲ್ಲಿ ಎಲ್ರಿಗೂ ಗೊತ್ತು.”

ಇಬ್ಬರೂ ನನ್ನ ಕಡೆ ನೋಡಿದರು. ಆ ತೊಟ್ಟಿಯೊಳಗೇ ಇಳಿದುಬಿಡೋಣ ಅನ್ನಿಸಿತು.

ಹಬ್ಬದ ದಿನ ಮಾವನವರು ಉಯ್ಯಾಲೆಯಲ್ಲಿ ಜೀಕುತ್ತಿದ್ದರು. ಸರಪಳಿ ಫಳಫಳ ಅಂತಿದೆಯಲ್ಲ ಎಂದರು ಬಂದವರೊಬ್ಬರು.

“ಭಾರಿ ಕಷ್ಟದ ಕೆಲಸ ಕಣ್ರೀ. ಎಲ್ಲರ ಕೈಲೂ ಆಗಲ್ಲ” ಎಂದ ಮಾವನವರು ಒಂದು ಸಲ ಜೀಕಿಕೊಂಡು, “ನಮ್ಮಳಿಯನ ಕೈಲೂ ಆಗಲ್ಲ” ಎಂದರು.

ಮನೆಯೆಲ್ಲ ನಕ್ಕಿತು. ನಾನು ಅಡುಗೆಮನೆಗೆ ಓಡಿಹೋಗಿ ಹೆಂಡತಿಯ ಕೈ ಹಿಡಿದುಕೊಂಡೆ. “ಕೇಳಿಸ್ತಾ? ನಮ್ಮಳಿಯ ಅಂದ್ರು ಕಣೇ!”